ಗೋಲಿ ಇರುವ ಎಣ್ಣೆ ಮುಚ್ಚಳ: ಎಂಟು ತಿಂಗಳು ಬಳಸಿದ ಮೇಲೆ

ಮೊದಲು ತೀರ್ಪು ಹೇಳಿಬಿಡುತ್ತೇನೆ, ಆಮೇಲೆ ವಿವರ. 'ಬಾಟಲಿ ಒಮ್ಮೆ ಖಾಲಿಯಾದರೆ ಅದರಲ್ಲಿ ಬೇರೆ ಎಣ್ಣೆ ಮತ್ತೆ ತುಂಬಲು ಬರುವುದಿಲ್ಲ' ಅಂತ ಹೇಳಿ ಈ ಮುಚ್ಚಳ ಮಾರುತ್ತಾರೆ. ಮತ್ತೆ ತುಂಬಲು ಬರುತ್ತದೆ. ನಾನೇ ನಮ್ಮ ಅಡುಗೆಮನೆಯಲ್ಲಿ ಕೂತು ತುಂಬಿ ನೋಡಿದ್ದೇನೆ. ಆದರೂ ಅರ್ಧ ಲೀಟರಿನ ಕುಸುಬಿ ಎಣ್ಣೆ ಬಾಟಲಿಗೆ ಇದಕ್ಕಿಂತ ಒಳ್ಳೆಯ ಮುಚ್ಚಳ ಹುಬ್ಬಳ್ಳಿ ಪೇಟೆಯಲ್ಲಿ ನನಗೆ ಸಿಕ್ಕಿಲ್ಲ. ಈ ಎರಡೂ ಮಾತು ಒಟ್ಟಿಗೆ ಹೇಗೆ ನಿಜ ಅನ್ನುವುದನ್ನೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಗಾಣದ ಎಣ್ಣೆ, ಜೇನು, ತುಪ್ಪ ಮಾಡಿ ಮಾರುವವರು ದಯವಿಟ್ಟು ಪೂರ್ತಿ ಓದಿ.

ನಮ್ಮದು ಗದಗ, ಬೆಟಗೇರಿ ಕಡೆ. ನಾನು ಮತ್ತು ನನ್ನ ತಮ್ಮ ಸೇರಿ ಒಂದು ಸಣ್ಣ ಮರದ ಗಾಣ ನಡೆಸುತ್ತೇವೆ. ಎತ್ತಿನದಲ್ಲ, ಮೋಟಾರಿನದು. ಕುಸುಬಿ ಜಾಸ್ತಿ, ಅದರ ನಂತರ ಶೇಂಗಾ, ಕೊಬ್ಬರಿ ಕೇಳಿದವರಿಗೆ ಮಾತ್ರ. ನಮ್ಮ ಎರಿ ಹೊಲಗಳಲ್ಲಿ ಹಿಂಗಾರಿಗೆ ಕುಸುಬಿ ಬಿತ್ತುವುದು ಹಳೆಯ ರೂಢಿ. ಜೋಳದ ಹೊಲದ ಅಂಚಿಗೂ ಹಾಕುತ್ತಾರೆ, ಗಿಡಕ್ಕೆ ಮುಳ್ಳಿರುವುದರಿಂದ ದನ ಒಳಗೆ ನುಗ್ಗುವುದಿಲ್ಲ. ಆ ಎಣ್ಣೆಗೆ ಒಂದು ತೆಳು ವಾಸನೆ ಇದೆ. ತಿಂದು ಬೆಳೆದವರಿಗೆ ಮಾತ್ರ ಅದು ಗೊತ್ತಾಗುತ್ತದೆ. ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಮೇಲೆ ಹಸಿ ಕುಸುಬಿ ಎಣ್ಣೆ ಬಿಟ್ಟುಕೊಂಡು ತಿನ್ನುವವರಿಗೆ ಎಣ್ಣೆ ಬದಲಾದರೆ ಮೊದಲ ತುತ್ತಿಗೇ ಸಿಕ್ಕಿಬೀಳುತ್ತದೆ.

ಹಾಗೆ ಸಿಕ್ಕಿಬಿದ್ದದ್ದು ಹೋದ ಡಿಸೆಂಬರಿನಲ್ಲಿ. ಹುಬ್ಬಳ್ಳಿ ವಿದ್ಯಾನಗರದ ಒಬ್ಬ ನಿವೃತ್ತ ಶಿಕ್ಷಕಿ, ನಾಲ್ಕು ವರ್ಷದಿಂದ ನಮ್ಮ ಎಣ್ಣೆಯನ್ನೇ ತಿನ್ನುವವರು, ಬೆಳಿಗ್ಗೆ ಫೋನ್ ಮಾಡಿದರು. "ತಂಗೀ, ನಿಮ್ಮ ಎಣ್ಣಿ ಈ ಸಲ ಯಾಕೋ ಬ್ಯಾರೆ ಅನಸ್ತದ ನೋಡವಾ. ತಳದಾಗ ಬೆಳ್ಳಗ ತುಪ್ಪದಂಗ ಏನೋ ಕುಂತದ." ನನಗೆ ಎದೆ ಧಸಕ್ ಅಂದಿತು. ಕುಸುಬಿ ಎಣ್ಣೆ ನಮ್ಮ ಕಡೆಯ ಚಳಿಗೆ ಗಟ್ಟಿಯಾಗುವುದಿಲ್ಲ. ಕೊಬ್ಬರಿ ಎಣ್ಣೆ ಕಲ್ಲಾಗುತ್ತದೆ, ಶೇಂಗಾ ಎಣ್ಣೆ ಸ್ವಲ್ಪ ಮಬ್ಬಾಗಬಹುದು, ಕುಸುಬಿ ಮಾತ್ರ ಫ್ರಿಜ್ಜಿನಲ್ಲಿಟ್ಟರೂ ಹರಿಯುತ್ತಲೇ ಇರುತ್ತದೆ. ಚಳಿಗೆ ತಳದಲ್ಲಿ ಹೀಗೆ ಬೆಳ್ಳಗೆ ಕೂರುವುದು ತಾಳೆ ಎಣ್ಣೆಯ ಗುಣ.

ಮರುದಿನವೇ ಹೋಗಿ ನೋಡಿದೆ. ಬಾಟಲಿ ನಮ್ಮದೇ. ಲೇಬಲ್ ನಮ್ಮದೇ. ಆದರೆ ಆ ಲೇಬಲ್ ಎರಡು ವರ್ಷದ ಹಿಂದಿನದು, ಅದರ ಮೇಲೆ ನಮ್ಮ ಹಳೆಯ ಫೋನ್ ನಂಬರ್ ಇತ್ತು, ಪ್ಯಾಕ್ ಮಾಡಿದ ದಿನಾಂಕವನ್ನು ಉಗುರಿನಿಂದ ಕೆರೆದು ಮೇಲೆ ಬೇರೆ ಸ್ಟಿಕರ್ ಹಚ್ಚಿದ್ದರು. ಮುಚ್ಚಳ ಮಾತ್ರ ಹೊಸದು, ಹೊಳೆಯುತ್ತಿತ್ತು. ನಾವು ಬಳಸುತ್ತಿದ್ದ ಅದೇ ಪಿ.ಪಿ. ಕ್ಯಾಪ್, ಅಂದರೆ ತಿರುಗಿಸಿದರೆ ಕೆಳಗಿನ ಉಂಗುರ ಹರಿದುಹೋಗುವ ತಗಡಿನ ಮುಚ್ಚಳ. ಆ ಶಿಕ್ಷಕಿ ಸಲ ಸಲ ನಮ್ಮಿಂದಲೇ ತರಿಸುತ್ತಿದ್ದರು, ಆ ಸಲ ಮಾತ್ರ ಅವಸರಕ್ಕೆ ಹತ್ತಿರದ ಒಂದು ಅಂಗಡಿಯಲ್ಲಿ ಕೊಂಡಿದ್ದರು. ಅಂಗಡಿಯ ಹೆಸರು ಇಲ್ಲಿ ಬೇಡ. ಕೇಳಿದರೆ ಅಂಗಡಿಯವನು 'ಲೈನ್ ಮ್ಯಾನ್ ತಂದು ಕೊಟ್ಟಿದ್ದು' ಅಂದ, ಅಂದರೆ ಅಂಗಡಿ ಅಂಗಡಿಗೆ ಸಾಮಾನು ಹಾಕುತ್ತ ತಿರುಗುವವನು, ಮುಂದಿನದಕ್ಕೆ ಬಾಯಿ ಬಿಡಲಿಲ್ಲ.

ಬಾಟಲಿ ಎಲ್ಲಿಂದ ಹೋಯಿತು ಅನ್ನುವುದು ಆಮೇಲೆ ತಿಳಿಯಿತು. ನಮ್ಮಿಂದ ಎಣ್ಣೆ ತೆಗೆದುಕೊಳ್ಳುವ ಖಾನಾವಳಿಗಳಿಂದ ಖಾಲಿ ಬಾಟಲಿಗಳು ಮೋಡಕಾ ಅಂಗಡಿಗೆ, ಅಂದರೆ ಗುಜರಿಗೆ, ಹೋಗುತ್ತವೆ. ಅಲ್ಲಿ ಕೂತಿದ್ದ ಹುಡುಗ ಮುಚ್ಚುಮರೆ ಇಲ್ಲದೆ ಹೇಳಿದ: "ಬರೇ ಬಾಟ್ಲಿ ಒಂದು ರೂಪಾಯಿ ರೀ ಅಕ್ಕಾರ. ಲೇಬಲ್ ಹರೀಲಾರದ್ದ ಇದ್ರ ನಾಕು ರೂಪಾಯಿ." ಅವನಿಗೆ ಅದರಲ್ಲಿ ತಪ್ಪೇನೂ ಕಾಣಿಸಿರಲಿಲ್ಲ. ಗಾಜಿಗೆ ಒಂದು ರೂಪಾಯಿ, ನಮ್ಮ ಹೆಸರಿಗೆ ಮೂರು ರೂಪಾಯಿ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ತಾಳೆ ಎಣ್ಣೆ ತಿಂದು ಯಾರೂ ಸಾಯುವುದಿಲ್ಲ, ನಿಜ. ಆದರೆ ಬೇರೆಯವರ ಬಾಟಲಿಗೆ ತುಂಬುವವನು ಇವತ್ತು ತಾಳೆ ಎಣ್ಣೆ ತುಂಬುತ್ತಾನೆ, ನಾಳೆ ಏನು ತುಂಬುತ್ತಾನೆ ಅಂತ ಯಾರು ಹೇಳಬೇಕು? 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಯಲ್ಲಿ ಆರ್ಜಿಮೋನ್ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು, ಕಾಲು ಊದಿಕೊಂಡು, ಉಸಿರು ಕಟ್ಟಿ. ಆರ್ಜಿಮೋನ್ ಅಂದರೆ ನಮ್ಮ ಹೊಲದ ಬದುವಿನಲ್ಲೂ ಬೆಳೆಯುವ, ಹಳದಿ ಹೂವಿನ ಆ ಮುಳ್ಳಿನ ಗಿಡವೇ. ಬಿಡಿ ಎಣ್ಣೆ ಮಾರಬಾರದು ಅಂತ 2011ರ ಆಹಾರ ಸುರಕ್ಷತೆ ನಿಯಮದಲ್ಲಿ ಇರುವುದು ಇಂಥದ್ದನ್ನೆಲ್ಲ ತಡೆಯಲಿಕ್ಕೇ. ಬಾಟಲಿಯಲ್ಲಿ, ಸೀಲು ಹಾಕಿ, ಹೆಸರು ಹಚ್ಚಿ ಮಾರಿ ಅಂತ. ಜನ ಆ ಸೀಲನ್ನು ನಂಬಿಯೇ ದುಡ್ಡು ಜಾಸ್ತಿ ಕೊಡುತ್ತಾರೆ. ಸೀಲು ಎರಡೂವರೆ ರೂಪಾಯಿಗೆ ಪೇಟೆಯಲ್ಲಿ ಎಲ್ಲರಿಗೂ ಸಿಗುತ್ತದೆ ಅಂದರೆ ಆ ನಂಬಿಕೆಗೆ ಏನು ಬೆಲೆ?

ಇಷ್ಟು ಹಿನ್ನೆಲೆ. ಈಗ ಮುಚ್ಚಳಕ್ಕೆ ಬರುತ್ತೇನೆ.

ಜನವರಿಯಲ್ಲಿ ಹುಬ್ಬಳ್ಳಿ ಹಳೆ ಪೇಟೆಯ ಒಂದು ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ಇದು ಸಿಕ್ಕಿತು. ಅಂಗಡಿಯವರು ಇದಕ್ಕೆ 'ಗೋಲಿ ಕ್ಯಾಪ್' ಅನ್ನುತ್ತಾರೆ, ಕೆಲವರು 'ನಾನ್ ರೀಫಿಲ್' ಅಂತಲೂ ಕೇಳುತ್ತಾರೆ. ಒಂದಕ್ಕೆ 13 ರೂಪಾಯಿ, ಐದುನೂರಕ್ಕಿಂತ ಕಡಿಮೆ ಕೊಡುವುದಿಲ್ಲ. ಎಲ್ಲ ಬಾಟಲಿಗೂ ಕೂರುವುದಿಲ್ಲ, ಕೊರಳಿನಲ್ಲಿ ಗಾಜು ಉಂಗುರದ ಹಾಗೆ ಉಬ್ಬಿರುವ ಬಾಟಲಿ ಬೇಕು. ಅದೂ ಅಲ್ಲೇ ಸಿಕ್ಕಿತು, 21 ರೂಪಾಯಿ. ನಾವು ಅರ್ಧ ಲೀಟರ್ ಕುಸುಬಿ ಎಣ್ಣೆ 210 ರೂಪಾಯಿಗೆ ಮಾರುತ್ತೇವೆ. ಮುಚ್ಚಳ ಒಂದರಿಂದಲೇ ಬಾಟಲಿಗೆ ಹತ್ತೂವರೆ ರೂಪಾಯಿ ಖರ್ಚು ಏರಿತು. ನಮ್ಮಂಥವರಿಗೆ ಅದು ಸಣ್ಣ ಮೊತ್ತವಲ್ಲ. ಐದು ರೂಪಾಯಿ ಬೆಲೆ ಏರಿಸಿ ಉಳಿದದ್ದನ್ನು ನಾವೇ ನುಂಗಿಕೊಂಡೆವು.

ತಂದ ದಿನ ರಾತ್ರಿ ಒಂದನ್ನು ಕತ್ತರಿಸಿ ನೋಡಿದೆ. ನೀವು ಕೊಳ್ಳುವುದಾದರೂ ಮೊದಲು ಒಂದನ್ನು ಕತ್ತರಿಸಿ ನೋಡಿ, ಯಾಕೆಂದರೆ ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಮೇಲೆ ಅಲ್ಯೂಮಿನಿಯಂ ತಗಡಿನ ಟೋಪಿ. ಅದರ ಕೆಳಗೆ ಪ್ಲಾಸ್ಟಿಕ್ಕಿನ ಮೂತಿ, ಅದರ ಕಾಲುಗಳು ಒಳಮುಖವಾಗಿ ಕೊಕ್ಕೆಯಂತೆ ಬಾಗಿವೆ. ಬಾಟಲಿಯ ಕೊರಳಿಗೆ ಒತ್ತಿದರೆ ಆ ಕೊಕ್ಕೆಗಳು ಗಾಜಿನ ಉಂಗುರ ದಾಟಿ ಟಕ್ ಅಂತ ಕಚ್ಚಿಕೊಳ್ಳುತ್ತವೆ, ಮತ್ತೆ ಮೇಲೆ ಬರುವುದಿಲ್ಲ. ಮೂತಿಯ ಒಳಗೆ ಒಂದು ಸಣ್ಣ ಪಂಜರ, ಪಂಜರದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗಾಜಿನ ಗೋಲಿ. ಗೋಲಿಯ ಕೆಳಗೆ ತೆಳುವಾದ ಪ್ಲಾಸ್ಟಿಕ್ ಬಿಲ್ಲೆ. ಗೋಲಿಯ ಮೇಲೆ ಒಂದು ಕೊಡೆಯಂಥ ತಡೆ, ಅದರ ಸುತ್ತ ಸೀಳು. ಎಣ್ಣೆ ನೇರವಾಗಿ ಬರದೆ ಆ ಸೀಳುಗಳಲ್ಲಿ ಸುತ್ತಿ ಬರಬೇಕು. ಮೇಲಿಂದ ತಂತಿ ತೂರಿಸಿ ಗೋಲಿಯನ್ನು ಎತ್ತಬಾರದು ಅಂತ ಆ ಕೊಡೆ.

ಕೆಲಸ ಮಾಡುವ ರೀತಿ ಸರಳ. ಬಾಟಲಿ ಬಗ್ಗಿಸಿದರೆ ಗೋಲಿ ಮುಂದೆ ಉರುಳಿ ದಾರಿ ಬಿಡುತ್ತದೆ, ಎಣ್ಣೆ ಬರುತ್ತದೆ. ನೆಟ್ಟಗೆ ನಿಲ್ಲಿಸಿದರೆ ಗೋಲಿ ತನ್ನ ಭಾರಕ್ಕೆ ಬಿಲ್ಲೆಯ ಮೇಲೆ ಕೂತು ತೂತು ಮುಚ್ಚುತ್ತದೆ. ಮೇಲಿಂದ ಸುರಿದರೆ ಸುರಿದದ್ದರ ಭಾರವೂ ಅದರ ಮೇಲೆ ಬಿದ್ದು ಇನ್ನೂ ಬಿಗಿಯಾಗುತ್ತದೆ. ನಮ್ಮ ಗೋಲಿ ಸೋಡಾದ ತಿರುವುಮುರುವು ಅನ್ನಬಹುದು. ಅದನ್ನು 1872ರಲ್ಲಿ ಇಂಗ್ಲೆಂಡಿನ ಹಿರಾಮ್ ಕಾಡ್ ಪೇಟೆಂಟ್ ಮಾಡಿಸಿದ್ದು. ಅದರಲ್ಲಿ ಒಳಗಿನ ಗ್ಯಾಸು ಗೋಲಿಯನ್ನು ಕೆಳಗಿನಿಂದ ಮೇಲಕ್ಕೆ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಇದರಲ್ಲಿ ಗೋಲಿ ಮೇಲಿಂದ ಕೆಳಕ್ಕೆ ಕೂರುತ್ತದೆ. ಮುಖ್ಯ ವ್ಯತ್ಯಾಸ ಏನೆಂದರೆ, ಸೋಡಾ ಬಾಟಲಿಯನ್ನು ಮತ್ತೆ ಮತ್ತೆ ತುಂಬಲಿಕ್ಕೆಂದೇ ಮಾಡಿದ್ದು, ಅದೇ ಬಾಟಲಿ ಎಷ್ಟೋ ವರ್ಷ ಪೇಟೆ ತಿರುಗುತ್ತಿತ್ತು. ಅದೇ ಗೋಲಿಯನ್ನು ಇಲ್ಲಿ ತುಂಬದಂತೆ ತಡೆಯಲು ಬಳಸಿದ್ದಾರೆ.

ಹಾಗಾದರೆ ಪೂರ್ತಿ ತಡೆಯುವ ಬಾಟಲಿ ಯಾಕೆ ಆಗುವುದಿಲ್ಲ? ನನ್ನ ತಮ್ಮ ಇದನ್ನು ಚೆನ್ನಾಗಿ ಹೇಳಿದ. ಹದಿನೈದು ಕಿಲೋ ಎಣ್ಣೆ ಡಬ್ಬಿ ಒಡೆಯುವಾಗ ನಾವು ಎರಡು ತೂತು ಹೊಡೆಯುತ್ತೇವೆ, ಅಲ್ವಾ? ಒಂದರಿಂದ ಎಣ್ಣೆ ಹೊರಗೆ, ಇನ್ನೊಂದರಿಂದ ಗಾಳಿ ಒಳಗೆ. ಒಂದೇ ತೂತು ಹೊಡೆದರೆ ಎಣ್ಣೆ ಗುಟುಕು ಗುಟುಕಾಗಿ ಬಂದು ನಿಂತುಬಿಡುತ್ತದೆ. ಬಾಟಲಿಯೂ ಅಷ್ಟೇ. ಎಣ್ಣೆ ಹೊರಗೆ ಬರಬೇಕಾದರೆ ಅಷ್ಟೇ ಗಾಳಿ ಒಳಗೆ ಹೋಗಬೇಕು. ಅಂದರೆ ಆ ಮೂತಿ ಏನನ್ನಾದರೂ ಒಳಗೆ ಬಿಡಲೇಬೇಕು. ಗಾಳಿಯನ್ನು ಬಿಡು, ಎಣ್ಣೆಯನ್ನು ಬಿಡಬೇಡ ಅಂತ ಒಂದು ಗೋಲಿಗೆ ಹೇಳುವುದು ಹೇಗೆ? ಬಗ್ಗಿಸಿದಾಗ ದಾರಿ ತೆರೆ, ನೆಟ್ಟಗಿದ್ದಾಗ ಮುಚ್ಚು ಅಂತ ಮಾತ್ರ ಹೇಳಲು ಬರುತ್ತದೆ. ಗಾಳಿಗೆ ಬಿಟ್ಟ ಆ ದಾರಿಯನ್ನೇ ಹುಡುಕಿಕೊಂಡು ಕಳ್ಳ ಬರುತ್ತಾನೆ. 19ನೇ ಶತಮಾನದ ಕೊನೆಯಿಂದ ಮತ್ತೆ ತುಂಬಲಾಗದ ಬಾಟಲಿಗೆ ಅಂತ ಪೇಟೆಂಟುಗಳ ಸಾಲೇ ಇದೆ. ಗೋಲಿ, ಬಿಲ್ಲೆ, ತೇಲುವ ಬಿರಡೆ, ಸ್ಪ್ರಿಂಗು, ಎಲ್ಲವನ್ನೂ ಹಾಕಿ ನೋಡಿದ್ದಾರೆ. ಎಲ್ಲರೂ ಬಂದು ನಿಂತದ್ದು ಇದೇ ಗಾಳಿಯ ಮುಂದೆ.

ಈಗ ನಾನು ಮಾಡಿದ ಪರೀಕ್ಷೆ. ಖಾಲಿ ಬಾಟಲಿಯನ್ನು ಅಡುಗೆ ಕಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಲಾಳಿಕೆ ಇಟ್ಟು ಎಣ್ಣೆ ಸುರಿದೆ. ಒಂದು ಚಮಚದಷ್ಟು ಮೂತಿಯಲ್ಲೇ ನಿಂತಿತು, ಮುಂದಿನದು ಉಕ್ಕಿ ಕೊರಳಿನಿಂದ ಇಳಿಯಿತು. ಮೂತಿಯಲ್ಲಿದ್ದದ್ದು ಹಾಗೆಯೇ ಇರಲಿ ಅಂತ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಮುಕ್ಕಾಲು ಭಾಗ ಮೇಲೇ ಇತ್ತು, ತಳದಲ್ಲಿ ನಾಲ್ಕೈದು ಹನಿ. ಇದು ನನಗೆ ಖುಷಿ ಕೊಟ್ಟಿತು. ಆಮೇಲೆ ಬಾಟಲಿ ಅಡ್ಡ ಮಲಗಿಸಿ ಸೂಜಿ ಇಲ್ಲದ ಸಿರಿಂಜಿನಿಂದ ಒತ್ತಿ ನೋಡಿದೆ. ಗೋಲಿ ಪಕ್ಕಕ್ಕೆ ಸರಿಯುತ್ತದೆ, ಸ್ವಲ್ಪ ಎಣ್ಣೆ ಒಳಗೆ ಹೋಗುತ್ತದೆ, ಆದರೆ ಒಳಗಿನ ಗಾಳಿ ಹೊರಗೆ ಬರುವಾಗ ಅರ್ಧ ಎಣ್ಣೆಯನ್ನು ವಾಪಸ್ ಉಗುಳುತ್ತದೆ. ಕೈ, ಕಟ್ಟೆ, ಸೀರೆ ಎಲ್ಲ ಎಣ್ಣೆ. ಗಡಿಯಾರ ಇಟ್ಟುಕೊಂಡು ಇಪ್ಪತ್ತೈದು ನಿಮಿಷ ಮಾಡಿದೆ. ತೂಗಿ ನೋಡಿದರೆ 55 ಗ್ರಾಂ. ಅರ್ಧ ಲೀಟರ್ ಕುಸುಬಿ ಎಣ್ಣೆ ಅಂದರೆ ಸುಮಾರು 460 ಗ್ರಾಂ. ಅಂದರೆ ಒಂದು ಬಾಟಲಿ ತುಂಬಲು ಮೂರು ತಾಸಿನ ಮೇಲೆ ಬೇಕು.

ಮೂರನೆಯದು ಮೂತಿಯನ್ನೇ ಕೀಳುವುದು. ಕುದಿಯುವ ನೀರಿನಲ್ಲಿ ಕೊರಳನ್ನು ಅದ್ದಿಟ್ಟು ಪಕ್ಕಡದಿಂದ ಎಳೆದೆ. ಮೊದಲನೆಯದು ಬರಲಿಲ್ಲ, ಗಾಜೇ ಚಿಟಿಲ್ ಅಂತ ಸೀಳಿತು. ಎರಡನೆಯದು ಬಂತು. ಹೌದು, ಬಂತು. ಆದರೆ ಕೊಕ್ಕೆಯ ಎರಡು ಕಾಲು ಮುರಿದಿದ್ದವು, ಬಾಗಿದ ಕಡೆಯಲ್ಲೆಲ್ಲ ಪ್ಲಾಸ್ಟಿಕ್ ಬೆಳ್ಳಗಾಗಿತ್ತು. ಎಣ್ಣೆ ತುಂಬಿ ಮತ್ತೆ ಒತ್ತಿ ಕೂರಿಸಿದೆ. ಕೂತಿತು. ಆದರೆ ಬೆರಳಿನಿಂದ ತಿರುಗಿಸಿದರೆ ಗಿರ್ರನೆ ತಿರುಗುತ್ತದೆ, ಹೊಸದು ಅಲುಗಾಡುವುದೇ ಇಲ್ಲ. ಆ ಬೆಳ್ಳಗಿನ ಗೆರೆಯನ್ನು ಅಳಿಸಲು ಬರುವುದಿಲ್ಲ. ಇನ್ನೊಂದು ಉಪಾಯವೂ ಇದೆ, ಅದರಿಂದಲೂ ಸ್ವಲ್ಪ ತುಂಬಲು ಆಗುತ್ತದೆ, ಆದರೆ ಅದನ್ನು ಇಲ್ಲಿ ಬರೆಯುವುದಿಲ್ಲ.

ಇಲ್ಲಿಯೇ ನನ್ನ ತೀರ್ಪಿನ ಬೇರು ಇರುವುದು. ಮೋಡಕಾದಿಂದ ನಾಲ್ಕು ರೂಪಾಯಿಗೆ ಬಾಟಲಿ ತಂದು ತುಂಬುವವನು ಒಂದು ರಾತ್ರಿಗೆ ಇನ್ನೂರು ಬಾಟಲಿ ಮುಗಿಸಬೇಕು, ಆಗಲೇ ಅವನಿಗೆ ಗಿಟ್ಟುವುದು. ಒಂದು ಬಾಟಲಿಗೆ ಹತ್ತು ನಿಮಿಷ ಕುದಿಯುವ ನೀರು, ಪಕ್ಕಡ, ಮೂರಕ್ಕೊಂದು ಒಡೆಯುವುದು, ಇಷ್ಟೆಲ್ಲ ಆದ ಮೇಲೂ ನೋಡಿದವರಿಗೆ ಗುರುತು ಕಾಣುವುದು ಅಂದರೆ ಅವನು ನಮ್ಮ ಬಾಟಲಿ ಬಿಟ್ಟು ಬೇರೆ ಕಡೆ ನೋಡುತ್ತಾನೆ. ಮುಚ್ಚಳದಿಂದ ನಾನು ಬಯಸಬೇಕಾದದ್ದು ಅಷ್ಟೇ ಅಂತ ನನಗೆ ಈಗ ಅನಿಸುತ್ತದೆ. ತುಂಬುವುದು ಕಷ್ಟ ಆಗಬೇಕು, ತುಂಬಿದರೆ ಗುರುತು ಉಳಿಯಬೇಕು. ಈ ಎಂಟು ತಿಂಗಳಲ್ಲಿ ಸುಮಾರು 1,400 ಬಾಟಲಿ ಹೊರಗೆ ಹೋಗಿವೆ. ಹೊಸ ಮುಚ್ಚಳದ ಬಾಟಲಿಯಲ್ಲಿ ಬೇರೆ ಎಣ್ಣೆ ಬಂತು ಅಂತ ಒಂದು ದೂರೂ ಬಂದಿಲ್ಲ. ಹಳೆಯ ಪಿ.ಪಿ. ಕ್ಯಾಪಿನ ಬಾಟಲಿ ಮಾತ್ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಸಿಕ್ಕಿತು, ಅದು ಪೇಟೆಯಲ್ಲಿ ಇನ್ನೂ ತಿರುಗುತ್ತಿದೆ.

ಆದರೆ ಅಂಗಡಿಯವರು ಹೇಳದೇ ಬಿಡುವ ಒಂದು ದೊಡ್ಡ ದೋಷ ಇದೆ. ಈ ಮುಚ್ಚಳವನ್ನೂ ಯಾರು ಬೇಕಾದರೂ ಕೊಳ್ಳಬಹುದು! ನನಗೆ ಕೊಟ್ಟ ಅಂಗಡಿಯೇ ಅವನಿಗೂ ಕೊಡುತ್ತದೆ, ಒಂದು ಪ್ರಶ್ನೆ ಕೇಳುವುದಿಲ್ಲ. ಹೆಸರು ಅಚ್ಚು ಹಾಕಿಸಿ ಕೊಡಿ ಅಂದೆ. "ಹತ್ತು ಸಾವಿರಕ್ಕ ಕಡಿಮಿ ಆಗೂದಿಲ್ರಿ ಅಕ್ಕಾರ" ಅಂದರು. ಅಷ್ಟು ನಮ್ಮಿಂದ ಆಗುವ ಮಾತಲ್ಲ. ಕೊನೆಗೆ ತಮ್ಮ ಒಂದು ದಾರಿ ಹುಡುಕಿದ. ಕಮ್ಮಾರರು ಕಬ್ಬಿಣದ ಮೇಲೆ ಅಂಕಿ ಒತ್ತುವ ಪಂಚು ಇರುತ್ತದಲ್ಲ, ಅದನ್ನು ತಂದು ತಗಡಿನ ಟೋಪಿಯ ಮೇಲೆ ಗಾಣ ಹಾಕಿದ ದಿನದ ಅಂಕಿ ಒತ್ತುತ್ತೇವೆ. ಜೋರಾಗಿ ಒತ್ತಿದರೆ ತಗಡು ಹರಿಯುತ್ತದೆ, ಮೆಲ್ಲಗೆ ಒತ್ತಿದರೆ ಮೂಡುವುದಿಲ್ಲ, ಕೈಗೆ ಹದ ಸಿಗಲು ಒಂದು ವಾರ ಹಿಡಿಯಿತು. ಅದೇ ಅಂಕಿ ಲೇಬಲ್ಲಿನ ಮೇಲೆ, ಅದೇ ಅಂಕಿ ನಮ್ಮ ವಹಿಯಲ್ಲಿ. ಗಿರಾಕಿ ಫೋನ್ ಮಾಡಿ ಅಂಕಿ ಹೇಳಿದರೆ ಯಾವ ರೈತರ ಕುಸುಬಿ, ಯಾವತ್ತು ಹಾಕಿದ್ದು, ಎಲ್ಲಿಗೆ ಕಳಿಸಿದ್ದು ಅಂತ ಹೇಳುತ್ತೇವೆ. ಹೊಸ ಬಾಟಲಿ, ಹೊಸ ಲೇಬಲ್, ಹೊಸ ಮುಚ್ಚಳ ಎಲ್ಲ ಮಾಡಿಸಿ ನಕಲಿ ತಯಾರಿಸುವವನನ್ನು ಯಾವ ಗೋಲಿಯೂ ತಡೆಯುವುದಿಲ್ಲ, ಅದಕ್ಕೆ ಪೊಲೀಸರೇ ಬೇಕು.

ಇನ್ನು ಬಳಕೆಯ ತೊಂದರೆಗಳು. ಈ ಜಾತಿಯ ಮುಚ್ಚಳವನ್ನು ಮೂಲದಲ್ಲಿ ಮದ್ಯಕ್ಕೆ ಅಂತ ಮಾಡಿದ್ದು, ಇಟಲಿಯ ಗ್ವಾಲಾ ಕ್ಲೋಷರ್ಸ್ ಇದಕ್ಕೆ ಹೆಸರುವಾಸಿ ಕಂಪನಿ. ಮದ್ಯ ನೀರಿನಂತೆ ತೆಳು. ಎಣ್ಣೆ ಅದಕ್ಕಿಂತ ಹತ್ತಾರು ಪಟ್ಟು ಮಂದ. ಹಾಗಾಗಿ ಎಣ್ಣೆ ಸಣ್ಣ ಧಾರೆಯಾಗಿ, ನಡುನಡುವೆ ನಿಂತು ಬರುತ್ತದೆ. ರೊಟ್ಟಿಯ ಮೇಲೆ ಬಿಟ್ಟುಕೊಳ್ಳುವವರಿಗೆ ಇದು ಒಳ್ಳೆಯದೇ, ಎಣ್ಣೆ ಚೆಲ್ಲುವುದಿಲ್ಲ. ಬಾಣಲೆಗೆ ಸುರಿಯುವವರಿಗೆ ಬೇಸರ. ಶೇಂಗಾ ಎಣ್ಣೆಗೆ ಜನವರಿಯ ಬೆಳಿಗ್ಗೆ ಹಾಕಿ ನೋಡಿದೆ, ಗೋಲಿ ಅಂಟಿಕೊಂಡು ಧಾರೆ ಬರಲೇ ಇಲ್ಲ, ಬಾಟಲಿ ತಳಕ್ಕೆ ತಟ್ಟಬೇಕಾಯಿತು. ಶೇಂಗಾಕ್ಕೆ ಬಳಸುವುದನ್ನು ಬಿಟ್ಟೆವು. ಜೇನಿಗಂತೂ ಯೋಚಿಸಲೇಬೇಡಿ. ಖಾಲಿಯಾದ ಮೇಲೂ ಮೂತಿಯ ಸುತ್ತ ಎಣ್ಣೆ ಉಳಿಯುತ್ತದೆ, ನಾನು ತೂಗಿದ ಮೂರು ಬಾಟಲಿಗಳಲ್ಲಿ 8ರಿಂದ 11 ಗ್ರಾಂ ಇತ್ತು. ನಾಲ್ಕೈದು ರೂಪಾಯಿಯ ಎಣ್ಣೆ ಅದು. ಈಗ ನಾವು ಪ್ರತಿ ಬಾಟಲಿಗೆ ಹತ್ತು ಗ್ರಾಂ ಜಾಸ್ತಿ ತುಂಬುತ್ತೇವೆ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ನಾನು ಎಣಿಸದ ಕಡೆಯಿಂದ ಬಂತು. ನಮ್ಮ ಕಡೆ ಯಾರೂ ಒಳ್ಳೆಯ ಗಾಜಿನ ಬಾಟಲಿ ಎಸೆಯುವುದಿಲ್ಲ. ತೊಳೆದು ಒಣಗಿಸಿ ಅದರಲ್ಲಿ ಹುಣಸೆ ಪಾನಕ, ಲಿಂಬು ರಸ, ದೇವರ ಎಣ್ಣೆ, ಏನಾದರೂ ಇಡುತ್ತಾರೆ. ಹಾವೇರಿಯಿಂದ ನನ್ನ ಅತ್ತೆ ಬಂದಾಗ ಖಾಲಿ ಬಾಟಲಿ ಹಿಡಿದು ಮೂತಿ ಕೀಳಲು ನೋಡಿ, ಬರದೇ ಇದ್ದಾಗ, "ಇಷ್ಟ ಚಂದದ ಬಾಟ್ಲಿ, ಮತ್ತ ಉಪಯೋಗಕ್ಕ ಬರೂದಿಲ್ಲ ಅಂದ್ರ ಹೆಂಗವಾ?" ಅಂದರು. ಸರಿಯಾದ ಮಾತು. ಒಬ್ಬ ಕಳ್ಳನನ್ನು ತಡೆಯಲು ಸಾವಿರ ಪ್ರಾಮಾಣಿಕ ಮನೆಗಳಿಂದ ಒಂದು ಬಾಟಲಿ ಕಸಿದುಕೊಂಡಂತಾಯಿತು. ಈ ಮಾತು ಮನಸ್ಸಿನಲ್ಲಿ ಬಹಳ ದಿನ ಕೊರೆಯಿತು.

ಬೇರೆ ದೇಶದಲ್ಲೂ ಇದೇ ಜಗ್ಗಾಟ ನಡೆದಿದೆ. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಹೋದ ಮೇಲೆ, ಖಾಲಿ ಬಾಟಲಿಗೆ ಕಳ್ಳ ಮದ್ಯ ತುಂಬುವುದನ್ನು ತಡೆಯಲು, ಈ ಬಾಟಲಿಯನ್ನು ಮಾರುವುದಕ್ಕೂ ಮತ್ತೆ ಬಳಸುವುದಕ್ಕೂ ಕಾನೂನಿನ ನಿಷೇಧವಿದೆ ಅಂತ ಗಾಜಿನ ಮೇಲೇ ಅಚ್ಚು ಹಾಕಿಸುತ್ತಿದ್ದರು. 1935ರಿಂದ 1964ರ ತನಕ ಹಾಗೆ ನಡೆಯಿತು. ಸ್ಪೇನ್ ದೇಶದಲ್ಲಿ 2014ರಿಂದ ಹೋಟೆಲ್ ಮೇಜಿನ ಮೇಲೆ ಆಲಿವ್ ಎಣ್ಣೆಯನ್ನು ಮತ್ತೆ ತುಂಬಲಾಗದ ಬಾಟಲಿಯಲ್ಲೇ ಇಡಬೇಕು ಅಂತ ನಿಯಮ ಇದೆ. ಅದಕ್ಕೆ ಒಂದು ವರ್ಷ ಮುಂಚೆ ಇಡೀ ಯುರೋಪಿಗೆ ಅದೇ ನಿಯಮ ತರಲು ಹೊರಟು, ಜನ ಬೈದದ್ದಕ್ಕೆ ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡರು. ಎಣ್ಣೆ ಬೆಳೆಯುವವರಿಗೆ ಬೇಕು, ಹೂಜಿಯಲ್ಲಿ ಇಟ್ಟು ಬಡಿಸುವ ಹೋಟೆಲಿನವರಿಗೆ ಬೇಡ. ಎರಡೂ ಕಡೆಯವರ ಸಂಕಟ ನನಗೆ ಈಗ ಅರ್ಥವಾಗುತ್ತದೆ.

ನಾವು ಕಂಡುಕೊಂಡದ್ದು ಇದು. ಖಾಲಿ ಬಾಟಲಿ ವಾಪಸ್ ತಂದರೆ 15 ರೂಪಾಯಿ ಕೊಡುತ್ತೇವೆ. ಬಾಟಲಿ ಮೋಡಕಾ ಅಂಗಡಿಗೆ ಹೋಗುವ ಬದಲು ನಮ್ಮ ಬಾಗಿಲಿಗೆ ಬರುತ್ತದೆ. ಖಾನಾವಳಿಯವರಂತೂ ಕ್ರೇಟಿನಲ್ಲೇ ಇಟ್ಟಿರುತ್ತಾರೆ, ಎಣ್ಣೆ ಕೊಡಲು ಹೋದವರು ಎತ್ತಿಕೊಂಡು ಬರುತ್ತೇವೆ. ಮೂತಿಯನ್ನು ಬ್ಲೇಡಿನಿಂದ ಸೀಳಿ ತೆಗೆಯುತ್ತೇವೆ. ಕೀಳುವುದು ಕಷ್ಟ, ಹಾಳು ಮಾಡಿ ತೆಗೆಯುವುದು ಸುಲಭ. ಬಿಸಿ ನೀರು, ಸೋಡಾ ಪುಡಿ ಹಾಕಿ ತೊಳೆದು, ಕವುಚಿ ಎರಡು ದಿನ ಬಿಸಿಲಿಗೆ ಒಣಗಿಸಿ, ಹೊಸ ಮೂತಿ ಒತ್ತುತ್ತೇವೆ. 21 ರೂಪಾಯಿಯ ಬಾಟಲಿ ನಮಗೆ ಉಳಿಯುತ್ತದೆ. ಇನ್ನೂ ನೂರಕ್ಕೆ ಮೂವತ್ತು ಬಾಟಲಿ ಮಾತ್ರ ವಾಪಸ್ ಬರುತ್ತಿವೆ. ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ ಅನ್ನುವವರಿಗೆ ನಾನೇ ಮೂತಿ ತೆಗೆದು, ಲೇಬಲ್ ಕೆರೆದು ಕೊಡುತ್ತೇನೆ. ಅತ್ತೆಗೂ ಎರಡು ಹಾಗೆ ಮಾಡಿ ಕೊಟ್ಟೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು, ವಿಷಯ ಸ್ವಲ್ಪ ಬೇರೆ. ಅತ್ತೆಯ ಊರಿನ ಸುತ್ತ ಮೆಣಸಿನಕಾಯಿ, ಹತ್ತಿ ಬೆಳೆಯುತ್ತಾರೆ, ಬ್ಯಾಡಗಿ ಹತ್ತಿರವೇ. ಅಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕ ಔಷಧದ ಖಾಲಿ ಬಾಟಲಿಗಳು, ಅದೇ ಕೆಂಪು, ಹಳದಿ ತ್ರಿಕೋನ ಇರುವವು, ಹೊಲದ ಬದುವಿನಲ್ಲಿ ಬಿದ್ದಿರುತ್ತವೆ. ಕೆಲವರು ಅದರಲ್ಲಿ ಸೀಮೆಎಣ್ಣೆ ಇಡುತ್ತಾರೆ. ನೀರು ಇಟ್ಟದ್ದನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಆ ಬಾಟಲಿಗೆ ಗೋಲಿ ಬೇಡ, 13 ರೂಪಾಯಿಯೂ ಬೇಡ. ಔಷಧ ಪಂಪಿಗೆ ಸುರಿದ ಮೇಲೆ ಬಾಟಲಿಗೆ ನೀರು ಹಾಕಿ ಮೂರು ಸಲ ಕುಲುಕಿ, ಆ ನೀರನ್ನೂ ಪಂಪಿಗೇ ಹಾಕಿ, ಬಾಟಲಿ ತಳಕ್ಕೆ ಒಂದು ಮೊಳೆ ಹೊಡೆಯಿರಿ. ನೀರಿನ ಬಾಟಲಿಯ ಮೇಲೆ 'ಬಳಸಿದ ಮೇಲೆ ಜಜ್ಜಿ ಹಾಕಿ' ಅಂತ ಬರೆದಿರುವುದೂ ಇದಕ್ಕೇ. ತಳ ತೂತಾದ ಬಾಟಲಿಯನ್ನು ಯಾರೂ ಮತ್ತೆ ತುಂಬುವುದಿಲ್ಲ. ಗಾಜಿಗೆ ಮೊಳೆ ಹೊಡೆಯಲು ಬಂದಿದ್ದರೆ ನಾನೂ ಈ ಮುಚ್ಚಳ ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಕೊಳ್ಳುವವರಿಗೆ ಕೆಲವು ಮಾತು. ಒತ್ತುವ ಕೈಪ್ರೆಸ್ ಬೇಕೇ ಬೇಕು, ನಮಗೆ 3,800 ರೂಪಾಯಿ ಬಿತ್ತು. ಸುತ್ತಿಗೆಯಿಂದ ಬಡಿದು ಕೂರಿಸಲು ಹೋಗಬೇಡಿ, ಕೊಕ್ಕೆ ಒಂದು ಕಡೆ ಮಾತ್ರ ಕಚ್ಚಿಕೊಳ್ಳುತ್ತದೆ, ಆಮೇಲೆ ಬಸ್ಸಿನಲ್ಲಿ ಕಳಿಸಿದರೆ ದಾರಿಯಲ್ಲೇ ಸೋರುತ್ತದೆ. ನಮ್ಮ ಮೊದಲ ಕ್ರೇಟ್ ಧಾರವಾಡ ಮುಟ್ಟುವಷ್ಟರಲ್ಲಿ ಆರು ಬಾಟಲಿ ಸೋರಿದ್ದವು. ಗೋಲಿ ಗಾಜಿನದೇ ಇರಲಿ. ಅಂಗಡಿಯಲ್ಲಿ ಪ್ಲಾಸ್ಟಿಕ್ ಗೋಲಿಯದ್ದು ಒಂಬತ್ತು ರೂಪಾಯಿಗೆ ತೋರಿಸುತ್ತಾರೆ. ಅದು ಹಗುರ, ಎಣ್ಣೆಯಲ್ಲಿ ಸರಿಯಾಗಿ ಕೂರುವುದಿಲ್ಲ. ನಾನು ಲಾಳಿಕೆ ಇಟ್ಟು ಸುರಿದು ನೋಡಿದೆ, ಸರಾಗವಾಗಿ ಒಳಗೆ ಇಳಿಯಿತು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಗಾಜಿನದು ಟಿಣ್ ಟಿಣ್ ಅನ್ನುತ್ತದೆ.

ಎಣ್ಣೆ ತಿನ್ನುವವರಿಗೆ ಹೇಳುವುದು ಇಷ್ಟೇ. ನಮ್ಮದೇ ಆಗಲಿ, ಬೇರೆಯವರದೇ ಆಗಲಿ, ಇಂಥ ಮುಚ್ಚಳದ ಬಾಟಲಿ ಕೊಂಡರೆ ಟೋಪಿ ತೆಗೆದ ಮೇಲೆ ಮೂತಿಯನ್ನು ಎರಡು ಬೆರಳಿನಿಂದ ಹಿಡಿದು ತಿರುಗಿಸಿ ನೋಡಿ. ತಿರುಗಿದರೆ ಆ ಎಣ್ಣೆ ತಿನ್ನಬೇಡಿ, ಲೇಬಲ್ಲಿನ ಮೇಲಿನ ನಂಬರಿಗೆ ಫೋನ್ ಮಾಡಿ. ವಿದ್ಯಾನಗರದ ಆ ಶಿಕ್ಷಕಿ ಈಗ ಪ್ರತಿ ಬಾಟಲಿಯನ್ನೂ ಹಾಗೆ ನೋಡಿಯೇ ಒಳಗೆ ಇಡುತ್ತಾರೆ. ಹೋದ ವಾರ ಫೋನ್ ಮಾಡಿದಾಗ, "ತಿರಗೂದಿಲ್ಲವಾ, ಗಟ್ಟಿ ಅದ. ಅಂಕಿ ಬರಕೋ," ಅಂತ ಶುರು ಮಾಡಿ, ನಾನು ವಹಿ ತೆಗೆಯುವ ತನಕ ಕಾದು, ಒಂದೊಂದೇ ಅಂಕಿ ಓದಿ ಹೇಳಿದರು.